ಓದುಗರ ಪ್ರಶ್ನೆ: ರಾಕೆಟ್ ಏರುವ ಮುನ್ನ ಎಜೆಕ್ಷನ್ ಚಾರ್ಜಿನ ನೆಲಪರೀಕ್ಷೆ

ಹೈ-ಪವರ್ ಮಾದರಿ ರಾಕೆಟ್‌ಗಳ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಹಂತದ ಬಗ್ಗೆ ಕೇಳಿವೆ. ರಾಕೆಟ್ ತುತ್ತತುದಿಯನ್ನು ತಲುಪಿ ಇನ್ನೇನು ಇಳಿಯಬೇಕು ಎನ್ನುವಾಗ, ಒಳಗಿರುವ ಸ್ವಲ್ಪ ಕರಿಮದ್ದು ಹೊತ್ತಿಕೊಂಡು, ಅದರ ಅನಿಲದ ಒತ್ತಡಕ್ಕೆ ಕೊಳವೆ ಎರಡಾಗಿ ಬಿಚ್ಚಿಕೊಂಡು, ಪ್ಯಾರಾಚೂಟ್ ಹೊರಬರಬೇಕು. ಇದೇ ಎಜೆಕ್ಷನ್ ಚಾರ್ಜಿನ ಕೆಲಸ. ಹಾರಾಟಕ್ಕೆ ಮೊದಲು ಆ ಚಾರ್ಜನ್ನು ನೆಲದ ಮೇಲೆಯೇ ಸಿಡಿಸಿ ನೋಡುವುದು ನೆಲಪರೀಕ್ಷೆ. ಮೋಟಾರಿನ ಒಟ್ಟು ಇಂಪಲ್ಸ್ (ತಳ್ಳುವ ಬಲ ಮತ್ತು ಉರಿಯುವ ಸಮಯದ ಗುಣಲಬ್ಧ) 160 ನ್ಯೂಟನ್-ಸೆಕೆಂಡ್ ದಾಟಿದರೆ, ಅಂದರೆ ಎಚ್ ವರ್ಗ ಮತ್ತು ಅದಕ್ಕೂ ಮೇಲಿನ ಮೋಟಾರುಗಳಾದರೆ, ಆ ರಾಕೆಟ್ಟನ್ನು ಹೈ-ಪವರ್ ಎಂದು ಪರಿಗಣಿಸುತ್ತಾರೆ. ಕೆಲವು ಕಿಲೋ ತೂಕದ ಇಂತಹ ರಾಕೆಟ್ ಒಂದು ಕಿಲೋಮೀಟರ್ ಎತ್ತರದಿಂದ ಪ್ಯಾರಾಚೂಟ್ ಇಲ್ಲದೆ ಮೂತಿ ಕೆಳಗಾಗಿ ಬಿದ್ದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಉತ್ತರಗಳಿಗೆ ಮೊದಲು ಒಂದು ಮಾತನ್ನು ಹೇಳಲೇಬೇಕು. ಕರಿಮದ್ದು ಸ್ಫೋಟಕ ಸಾಮಗ್ರಿ. ಅದನ್ನು ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಆಯಾ ದೇಶದ ಕಾನೂನಿನ ಕಟ್ಟುಪಾಡುಗಳಿವೆ. ಅದನ್ನು ಮನೆಯಲ್ಲಿ ತಯಾರಿಸುವ ಯೋಚನೆಯನ್ನೇ ಮಾಡಬೇಡಿ. ಕೆಳಗಿನ ವಿಷಯಗಳೆಲ್ಲ ಕಾನೂನಿನ ಅನುಮತಿಯೊಂದಿಗೆ, ಅನುಭವಸ್ಥರಿರುವ ರಾಕೆಟ್ ಸಂಘದ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವರಿಗಾಗಿ ಬರೆದವು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ನಮ್ಮ ತಂಡದ ರಾಕೆಟ್ಟಿನ ಪ್ಯಾರಾಚೂಟ್ ಕೋಣೆಯ ಒಳವ್ಯಾಸ 98 ಮಿ.ಮೀ., ಉದ್ದ 40 ಸೆಂ.ಮೀ. ಎಷ್ಟು ಕರಿಮದ್ದು ಬೇಕೆಂದು ಅನಿಲ ಸಮೀಕರಣದಿಂದ ಲೆಕ್ಕ ಹಾಕಿದ್ದೇವೆ. ಲೆಕ್ಕ ಸರಿಯಿದ್ದ ಮೇಲೂ ನೆಲಪರೀಕ್ಷೆ ಮಾಡಲೇಬೇಕೇ?

ಉತ್ತರ: ಮಾಡಲೇಬೇಕು. ಅದಕ್ಕೆ ಕಾರಣವನ್ನು ನಿಮ್ಮ ಲೆಕ್ಕದ ಮೂಲಕವೇ ತೋರಿಸುತ್ತೇನೆ.

ಒಂದು ಗ್ರಾಂ ಕರಿಮದ್ದು ಪೂರ್ತಿಯಾಗಿ ಉರಿದಾಗ ಹುಟ್ಟುವ ಅನಿಲದ ಪ್ರಮಾಣವನ್ನೂ ಅದರ ತಾಪವನ್ನೂ ಸೇರಿಸಿ ನೋಡಿದರೆ, ಹವ್ಯಾಸಿಗಳು ಬಳಸುವ ಸೂತ್ರ ಹೀಗೆ ಸರಳವಾಗುತ್ತದೆ: ಬೇಕಾದ ಒತ್ತಡವನ್ನು ಕಿಲೋಪ್ಯಾಸ್ಕಲ್‌ನಲ್ಲಿ, ಕೋಣೆಯ ಗಾತ್ರವನ್ನು ಲೀಟರ್‌ನಲ್ಲಿ ತೆಗೆದುಕೊಂಡು ಅವೆರಡನ್ನು ಗುಣಿಸಿ, ಬಂದ ಮೊತ್ತವನ್ನು 0.0046ರಿಂದ ಗುಣಿಸಿದರೆ ಗ್ರಾಂ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ನಿಮ್ಮ ಕೋಣೆಯ ಗಾತ್ರ ಸುಮಾರು 3 ಲೀಟರ್. ಒತ್ತಡ 70 ಕಿಲೋಪ್ಯಾಸ್ಕಲ್ ಬೇಕೆಂದುಕೊಂಡರೆ ಮದ್ದು ಒಂದು ಗ್ರಾಂಗೆ ತುಸು ಕಡಿಮೆ. ಕೋಣೆಯ ಅಡ್ಡಕೊಯ್ತದ ವಿಸ್ತೀರ್ಣ 75 ಚದರ ಸೆಂಟಿಮೀಟರ್ ಇರುವುದರಿಂದ, ಆ ಒತ್ತಡ ನೋಸ್ ಕೋನನ್ನು (ರಾಕೆಟ್ಟಿನ ಚೂಪಾದ ಮೂತಿಯನ್ನು) ತಳ್ಳುವ ಬಲ ಸುಮಾರು 530 ನ್ಯೂಟನ್. ಇಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟಾಗಿದೆ.

ಆದರೆ ಆ ಸೂತ್ರಕ್ಕೆ ನಿಮ್ಮ ರಾಕೆಟ್ಟಿನ ಪರಿಚಯವಿಲ್ಲ. ಕೊಳವೆಯನ್ನು ಕಪ್ಲರಿಗೆ (ಎರಡು ಭಾಗಗಳನ್ನು ಜೋಡಿಸುವ ಒಳಕೊಳವೆಗೆ) ಬಿಗಿದಿರುವ ನೈಲಾನ್ ಶಿಯರ್ ಪಿನ್ನುಗಳು ಎಷ್ಟು ಬಲಕ್ಕೆ ತುಂಡಾಗುತ್ತವೆ, ಬಣ್ಣ ಬಳಿದ ಮೇಲೆ ಕಪ್ಲರ್ ಎಷ್ಟು ಬಿಗಿಯಾಯಿತು, ತಂತಿ ಹಾದುಹೋದ ರಂಧ್ರದಿಂದ ಎಷ್ಟು ಅನಿಲ ಸೋರುತ್ತದೆ, ಮಡಿಸಿಟ್ಟ ಪ್ಯಾರಾಚೂಟ್ ಮತ್ತು ಅದರ ಬೆಂಕಿ ತಡೆಯುವ ಬಟ್ಟೆ ಎಷ್ಟು ಜಾಗ ಹಿಡಿದಿವೆ, ತಣ್ಣನೆಯ ಕೊಳವೆಯ ಗೋಡೆ ಅನಿಲದ ಕಾವನ್ನು ಎಷ್ಟು ಬೇಗ ಹೀರುತ್ತದೆ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಇವುಗಳಲ್ಲಿ ಕೆಲವು ಒತ್ತಡವನ್ನು ಹೆಚ್ಚಿಸುತ್ತವೆ, ಕೆಲವು ಇಳಿಸುತ್ತವೆ. ಒಟ್ಟು ಪರಿಣಾಮ ಯಾವ ಕಡೆಗೆ ವಾಲುತ್ತದೆಂದು ಕಾಗದದ ಮೇಲೆ ಹೇಳುವುದಕ್ಕೆ ಆಗುವುದಿಲ್ಲ. ಹಾಗಾಗಿ ಲೆಕ್ಕದಿಂದ ನಿಮಗೆ ಸಿಕ್ಕಿರುವುದು ಪರೀಕ್ಷೆಯನ್ನು ಯಾವ ತೂಕದಿಂದ ಆರಂಭಿಸಬೇಕು ಎಂಬ ಸೂಚನೆ ಮಾತ್ರ.

ಇದೇ ಸಂದರ್ಭದಲ್ಲಿ ಇನ್ನೊಂದು ಸಂಗತಿ. ಕಿರಿದಾದ ಕೊಳವೆಗೆ ಕಡಿಮೆ ಒತ್ತಡ ಸಾಕು ಎಂದು ಹಲವರು ಬರೆದಿದ್ದಾರೆ. ವಾಸ್ತವ ಇದಕ್ಕೆ ತಿರುಗುಮುರುಗು. ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, 54 ಮಿ.ಮೀ. ಕೊಳವೆಯಲ್ಲಿ ಅದೇ 70 ಕಿಲೋಪ್ಯಾಸ್ಕಲ್ ಒತ್ತಡ ಕೊಡುವ ಬಲ ಸುಮಾರು 160 ನ್ಯೂಟನ್ ಮಾತ್ರ. ದೊಡ್ಡ ಕೊಳವೆಯಲ್ಲಿ ಬಳಸಿದಷ್ಟೇ ಪಿನ್ನುಗಳನ್ನು ಸಣ್ಣದರಲ್ಲೂ ಹಾಕಿದರೆ ಅದು ಬಿಚ್ಚಿಕೊಳ್ಳದೇ ಹೋಗಬಹುದು.

ಪ್ರಶ್ನೆ: ಪರೀಕ್ಷೆಯ ದಿನ ರಾಕೆಟ್ಟನ್ನು ಹೇಗೆ ಸಿದ್ಧಪಡಿಸಬೇಕು? ಪ್ಯಾರಾಚೂಟಿನ ಬದಲು ಹಳೆಯ ಬಟ್ಟೆ ತುಂಬಿದರೆ ಸಾಕೇ?

ಉತ್ತರ: ಸಾಲದು. ಇದನ್ನು ಸ್ವಂತ ನಷ್ಟದಿಂದ ಕಲಿತವನಾಗಿ ಹೇಳುತ್ತಿದ್ದೇನೆ. ಹೊಸ ಪ್ಯಾರಾಚೂಟಿಗೆ ಮಸಿ ಹಿಡಿಯಬಾರದೆಂದು ಒಮ್ಮೆ ನಾನು ಹತ್ತಿಯ ಬಟ್ಟೆಯ ಸುರುಳಿಯನ್ನಿಟ್ಟು ಪರೀಕ್ಷಿಸಿದೆ. ನೋಸ್ ಕೋನ್ ಚೆನ್ನಾಗಿಯೇ ಹಾರಿತು. ಸುರುಳಿಯೂ ಸಲೀಸಾಗಿ ಹೊರಬಂತು. ಹಾರಾಟದ ದಿನ ಪಿನ್ನುಗಳು ಮುರಿದವು, ನೋಸ್ ಕೋನ್ ಕಳಚಿತು, ಆದರೆ ಪ್ಯಾರಾಚೂಟ್ ಮಾತ್ರ ಕೊಳವೆಯೊಳಗೇ ಉಳಿಯಿತು. ಬಿದ್ದ ಕೊಳವೆಯನ್ನು ಸೀಳಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ಮದ್ದಿನ ಬಟ್ಟಲು ಕಪ್ಲರಿನ ತುದಿಯಲ್ಲಿತ್ತು. ಅನಿಲವು ಪ್ಯಾರಾಚೂಟಿನ ಗಂಟನ್ನು ಹೊರಗೆ ತಳ್ಳುವ ಬದಲು ಕೊಳವೆಯ ಆಳಕ್ಕೆ ಒತ್ತಿತ್ತು. ನೈಲಾನ್ ಬಟ್ಟೆ ಗೋಡೆಗೆ ಬೆಣೆಯಂತೆ ಬಿಗಿದು, ಮಡಿಕೆಗಳ ನಡುವೆ ಕೈಬೆರಳೂ ಹೋಗದಂತಾಗಿತ್ತು. ಸಡಿಲವಾದ ಹತ್ತಿಬಟ್ಟೆ ಆ ರೀತಿ ವರ್ತಿಸಿರಲಿಲ್ಲ.

ಆದ್ದರಿಂದ ಹಾರುವ ರಾಕೆಟ್ಟನ್ನೇ, ಹಾರುವ ಸ್ಥಿತಿಯಲ್ಲೇ ಪರೀಕ್ಷಿಸಿ. ಅದೇ ಪ್ಯಾರಾಚೂಟ್, ಅದೇ ಮಡಿಕೆ, ಅದೇ ಬೆಂಕಿ ತಡೆಯುವ ಬಟ್ಟೆ, ಪೂರ್ತಿ ಉದ್ದದ ಶಾಕ್ ಕಾರ್ಡ್ (ಬಿಚ್ಚಿಕೊಂಡ ಭಾಗಗಳನ್ನೂ ಪ್ಯಾರಾಚೂಟನ್ನೂ ಒಟ್ಟಿಗೆ ಹಿಡಿದಿಡುವ ಹಗ್ಗ), ಅಷ್ಟೇ ಸಂಖ್ಯೆಯ ಹೊಸ ಪಿನ್ನುಗಳು, ಅದೇ ಬಟ್ಟಲು ಮತ್ತು ಅದೇ ಬಗೆಯ ಇ-ಮ್ಯಾಚ್ (ವಿದ್ಯುತ್ತಿನಿಂದ ಮದ್ದನ್ನು ಹೊತ್ತಿಸುವ ಕಡ್ಡಿ) ಇರಬೇಕು. ಮೋಟಾರನ್ನು ಮಾತ್ರ ಎಂದಿಗೂ ಜೋಡಿಸಬಾರದು. ಅದರ ಜಾಗದಲ್ಲಿ ಖಾಲಿ ಕೇಸಿಂಗ್ ಇಡಿ, ತೂಕ ಸರಿದೂಗಬೇಕಿದ್ದರೆ ಭಾರ ಸೇರಿಸಿ. ಆಲ್ಟಿಮೀಟರಿನ (ಎತ್ತರವನ್ನು ಅಳೆದು ಚಾರ್ಜನ್ನು ಸಿಡಿಸುವ ಉಪಕರಣದ) ವಿದ್ಯುತ್ತನ್ನು ಪೂರ್ತಿಯಾಗಿ ಕಡಿದು, ಇ-ಮ್ಯಾಚಿನ ತಂತಿಯನ್ನು ಗಾಳಿಯ ರಂಧ್ರದ ಮೂಲಕ ಹೊರಗೆ ತಂದು, ಉದ್ದನೆಯ ತಂತಿಗೆ ಜೋಡಿಸಿ. ತಂತಿಯ ಎರಡು ತುದಿಗಳನ್ನು ಕೊನೆಯ ಗಳಿಗೆಯವರೆಗೂ ಒಟ್ಟಿಗೆ ಹೊಸೆದಿಡಬೇಕು. ಸ್ವಿಚ್ಚಿನ ಕೀಲಿ, ರಾಕೆಟ್ಟಿನ ಬಳಿ ಕೆಲಸ ಮಾಡುತ್ತಿರುವವನ ಜೇಬಿನಲ್ಲೇ ಇರಬೇಕು. ಈ ಎರಡನೆಯದನ್ನು ಸಣ್ಣ ಮಾತೆಂದು ತಿಳಿಯಬೇಡಿ. ಕೀಲಿ ಇನ್ನೊಬ್ಬರ ಕೈಯಲ್ಲಿದ್ದರೆ, ಅವರ ಒಂದು ಕ್ಷಣದ ಅವಸರಕ್ಕೆ ನಿಮ್ಮ ಕಣ್ಣು ಬೆಲೆ ತೆರಬೇಕಾದೀತು.

ರಾಕೆಟ್ಟನ್ನು ಫೋಮ್ ಹಾಸಿದ ತೊಟ್ಟಿಲಿನಂತಹ ಆಸರೆಯ ಮೇಲೆ ಮಲಗಿಸಿ, ಮೂತಿಯನ್ನು ತುಸು ಮೇಲಕ್ಕೆತ್ತಿ ಇಡಿ. ನೋಸ್ ಕೋನ್ ಹಾರುವ ದಿಕ್ಕಿನಲ್ಲಿ ಶಾಕ್ ಕಾರ್ಡ್ ಪೂರ್ತಿ ಚಾಚಿದರೂ ಮಿಕ್ಕುವಷ್ಟು ಬಯಲಿರಲಿ. ಹಿಂದಿನ ತುದಿಯ ನೇರಕ್ಕೂ ಯಾರೂ ನಿಲ್ಲಬಾರದು, ಏಕೆಂದರೆ ಕೊಳವೆ ಹಿಮ್ಮುಖವಾಗಿ ಜಿಗಿಯುತ್ತದೆ. ಎಲ್ಲರೂ ಪಕ್ಕಕ್ಕೆ, ಸಾಕಷ್ಟು ದೂರದಲ್ಲಿ, ಕಣ್ಣಿಗೆ ರಕ್ಷಣಾ ಕನ್ನಡಕ ಮತ್ತು ಕಿವಿಗೆ ಮುಚ್ಚಿಗೆ ಹಾಕಿಕೊಂಡು ನಿಂತ ಮೇಲೆ, ಗಟ್ಟಿಯಾಗಿ ಎಣಿಸಿ ಗುಂಡಿಯನ್ನು ಒತ್ತಬೇಕು. ಒಣಹುಲ್ಲು ಇರುವ ಜಾಗ ಬೇಡ, ನೀರು ಕೈಗೆಟುಕುವಂತಿರಲಿ.

ಗುಂಡಿ ಒತ್ತಿದರೂ ಏನೂ ಆಗದಿದ್ದರೆ ಬ್ಯಾಟರಿಯನ್ನು ಬೇರ್ಪಡಿಸಿ, ಕನಿಷ್ಠ 60 ಸೆಕೆಂಡ್ ಕಾಯಬೇಕು. ಉಡಾವಣೆ ವಿಫಲವಾದಾಗ ಕಾಯಬೇಕೆಂದು ಹವ್ಯಾಸಿ ರಾಕೆಟ್ ಸುರಕ್ಷತಾ ಸಂಹಿತೆ ಹೇಳುವ ಅವಧಿಯೂ ಇದೇ. ಆಮೇಲೂ ಮುಂಭಾಗದಿಂದ ಹೋಗದೆ ಪಕ್ಕದಿಂದ ಹೋಗಿ, ಮೊದಲು ತಂತಿಯ ತುದಿಗಳನ್ನು ಮತ್ತೆ ಹೊಸೆದು, ಅನಂತರವೇ ಬೇರೆ ಯಾವುದನ್ನಾದರೂ ಮುಟ್ಟಬೇಕು.

ಪ್ರಶ್ನೆ: ನಮ್ಮದು ಎರಡು ಹಂತದಲ್ಲಿ ಬಿಚ್ಚಿಕೊಳ್ಳುವ ರಾಕೆಟ್. ಹಾರಾಟದ ತುತ್ತತುದಿಯಲ್ಲಿ ಡ್ರೋಗ್ ಎಂಬ ಸಣ್ಣ ಪ್ಯಾರಾಚೂಟ್, 200 ಮೀಟರ್ ಎತ್ತರಕ್ಕೆ ಇಳಿದಾಗ ದೊಡ್ಡ ಪ್ಯಾರಾಚೂಟ್ ಬಿಚ್ಚಬೇಕು. ನೆಲದ ಮೇಲೆ ಎರಡೂ ಚಾರ್ಜ್‌ಗಳು ಚೆನ್ನಾಗಿಯೇ ಕೆಲಸ ಮಾಡಿದವು. ಹಾರಾಟದಲ್ಲಿ ಮಾತ್ರ ದೊಡ್ಡ ಪ್ಯಾರಾಚೂಟ್ ತುತ್ತತುದಿಯಲ್ಲೇ ಬಿಚ್ಚಿಕೊಂಡು, ಗಾಳಿಗೆ ತೇಲಿಕೊಂಡು ಮೂರು ಕಿಲೋಮೀಟರ್ ದೂರ ಹೋಯಿತು. ತಪ್ಪು ಎಲ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲು ಗಮನ ಸೆಳೆಯಿತು: ಡ್ರೋಗ್ ಪರೀಕ್ಷೆ ಮಾಡುವಾಗ ರಾಕೆಟ್ಟಿನ ಮುಂಭಾಗವನ್ನು ಬಿಚ್ಚಿಟ್ಟಿದ್ದಾಗಿ ಬರೆದಿದ್ದೀರಿ. ನನ್ನ ಅನುಮಾನ ಮೊದಲು ಹೋಗುವುದು ಅಲ್ಲಿಗೇ.

ಡ್ರೋಗ್ ಚಾರ್ಜ್ ಸಿಡಿದಾಗ ರಾಕೆಟ್ಟಿನ ಎರಡು ಭಾಗಗಳು ವಿರುದ್ಧ ದಿಕ್ಕಿಗೆ ಹಾರಿ, ಶಾಕ್ ಕಾರ್ಡ್ ಬಿಗಿಯಾದ ಕ್ಷಣದಲ್ಲಿ ಒಮ್ಮೆಲೇ ಜಗ್ಗಿ ನಿಲ್ಲುತ್ತವೆ. ಆ ಜಗ್ಗಿಗೆ ಮುಂಭಾಗದ ಕೊಳವೆ ನಿಂತರೂ, ಅದರ ತುದಿಯಲ್ಲಿರುವ ನೋಸ್ ಕೋನ್ ತನ್ನ ಜಡತ್ವದಿಂದ ಮುಂದಕ್ಕೇ ಹೋಗಲು ನೋಡುತ್ತದೆ. ನೋಸ್ ಕೋನಿನ ತೂಕ 900 ಗ್ರಾಂ ಇದ್ದು, ಜಗ್ಗಿನ ತೀವ್ರತೆ ಗುರುತ್ವದ 30 ಪಟ್ಟು ಇದ್ದರೆ, ಪಿನ್ನುಗಳ ಮೇಲೆ ಬೀಳುವ ಬಲ ಸುಮಾರು 265 ನ್ಯೂಟನ್. ಪಿನ್ನುಗಳು ಎರಡೇ ಇದ್ದು, ಅವೂ ಸಣ್ಣವಾಗಿದ್ದರೆ, ದೊಡ್ಡ ಪ್ಯಾರಾಚೂಟಿನ ಚಾರ್ಜ್ ಸಿಡಿಯುವ ಮೊದಲೇ ಅವು ತುಂಡಾಗುತ್ತವೆ. ಇದನ್ನು ಕಂಡುಹಿಡಿಯಲು ಡ್ರೋಗ್ ಪರೀಕ್ಷೆಯನ್ನು ಇಡೀ ರಾಕೆಟ್ ಜೋಡಿಸಿಯೇ ಮಾಡಬೇಕು. ದೊಡ್ಡ ಪ್ಯಾರಾಚೂಟ್ ಒಳಗಿರಬೇಕು, ನೋಸ್ ಕೋನಿಗೆ ಪಿನ್ನುಗಳನ್ನು ಹಾಕಿರಬೇಕು, ಆದರೆ ಆ ಕಡೆಯ ಬಟ್ಟಲಿನಲ್ಲಿ ಮದ್ದು ಇರಬಾರದು. ಪರೀಕ್ಷೆಯ ನಂತರ ನೋಸ್ ಕೋನ್ ಕೂದಲೆಳೆಯಷ್ಟು ಜರುಗಿದ್ದರೂ ಪಿನ್ನುಗಳನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ನೈಲಾನ್ ಬಾಗಿದ ಜಾಗದಲ್ಲಿ ಬಿಳಿಚಿದ ಗೆರೆ ಕಂಡರೆ ಅದು ಮುರಿಯುವ ಅಂಚಿಗೆ ಬಂದಿತ್ತು ಎಂದರ್ಥ. ಪಿನ್ನುಗಳನ್ನು ಹೆಚ್ಚಿಸಬೇಕು, ಮತ್ತು ಪಿನ್ನು ಹೆಚ್ಚಿದ ಮೇಲೆ ಆ ಭಾಗದ ಮದ್ದನ್ನೂ ಹೊಸದಾಗಿ ಲೆಕ್ಕ ಹಾಕಿ ಪರೀಕ್ಷಿಸಬೇಕು.

ಎರಡನೆಯ ಸಾಧ್ಯತೆ, ನೆಲದ ಮೇಲೆ ಕಾಣಿಸಲಾರದಂಥದ್ದು. ಪ್ಯಾರಾಚೂಟ್ ಕೋಣೆಗೆ ಗಾಳಿ ಹೊರಹೋಗುವ ಸಣ್ಣ ರಂಧ್ರ ಇರದಿದ್ದರೆ, ನೆಲದ ಮಟ್ಟದ ಗಾಳಿ ಒಳಗೇ ಸಿಕ್ಕಿಕೊಂಡು ಮೇಲಕ್ಕೆ ಹೋಗುತ್ತದೆ. ಸಮುದ್ರಮಟ್ಟದಲ್ಲಿ 101 ಕಿಲೋಪ್ಯಾಸ್ಕಲ್ ಇರುವ ವಾಯುವಿನ ಒತ್ತಡ 3,000 ಮೀಟರ್ ಎತ್ತರದಲ್ಲಿ ಸುಮಾರು 70ಕ್ಕೆ ಇಳಿಯುತ್ತದೆ. ಆ 31 ಕಿಲೋಪ್ಯಾಸ್ಕಲ್ ವ್ಯತ್ಯಾಸವೇ 98 ಮಿ.ಮೀ. ಕೊಳವೆಯ ನೋಸ್ ಕೋನನ್ನು 230 ನ್ಯೂಟನ್‌ಗೂ ಹೆಚ್ಚಿನ ಬಲದಿಂದ ಸದಾ ಹೊರಗೆ ತಳ್ಳುತ್ತಿರುತ್ತದೆ. ಡ್ರೋಗಿನ ಜಗ್ಗು ಅದರ ಜೊತೆಗೆ ಸೇರಿದರೆ ಪಿನ್ನುಗಳು ಎಷ್ಟೆಂದು ತಡೆದಾವು? ಮೂರು ಮಿಲಿಮೀಟರ್ ಸುಮಾರಿನ ಒಂದು ರಂಧ್ರ ಕೊರೆದರೆ ಈ ತೊಂದರೆ ತಪ್ಪುತ್ತದೆ. ಆ ರಂಧ್ರ ಕೊರೆದ ಮೇಲೆಯೇ ನೆಲಪರೀಕ್ಷೆ ಮಾಡಬೇಕು, ಏಕೆಂದರೆ ಅದರಿಂದ ಅನಿಲವೂ ಸ್ವಲ್ಪ ಸೋರುತ್ತದೆ.

ಮೂರನೆಯದು ಆಲ್ಟಿಮೀಟರ್ ಇರುವ ಕೋಣೆಗೆ ಅನಿಲ ನುಗ್ಗುವುದು. ವಾಯುವಿನ ಒತ್ತಡವನ್ನು ಅಳೆದು ಎತ್ತರವನ್ನು ತಿಳಿಯುವ ಉಪಕರಣಕ್ಕೆ, ಸುತ್ತಲಿನ ಒತ್ತಡ ಥಟ್ಟನೆ ಏರಿದರೆ, ರಾಕೆಟ್ ನೆಲದ ಹತ್ತಿರಕ್ಕೆ ಬಂದುಬಿಟ್ಟಂತೆ ತೋರುತ್ತದೆ. ಕೂಡಲೇ ಅದು ದೊಡ್ಡ ಪ್ಯಾರಾಚೂಟಿನ ಚಾರ್ಜಿಗೂ ವಿದ್ಯುತ್ ಹರಿಸಬಹುದು. ಪ್ರತಿ ಪರೀಕ್ಷೆಯ ನಂತರ ಈ ಕೋಣೆಯನ್ನು ತೆರೆದು, ಬಲ್ಕ್‌ಹೆಡ್ಡಿನ (ಕೋಣೆಯ ತುದಿಯನ್ನು ಮುಚ್ಚುವ ತಟ್ಟೆಯ) ಒಳಮೈಯನ್ನು ಬಿಳಿಯ ಬಟ್ಟೆಯಿಂದ ಒರೆಸಿ. ತಂತಿ ತೂರಿಬಂದ ಜಾಗದ ಸುತ್ತ ಬೂದುಬಣ್ಣದ ಮಸಿ ಬಟ್ಟೆಗೆ ಅಂಟಿದರೆ, ಅಥವಾ ಕೋಣೆಯನ್ನು ತೆರೆದೊಡನೆ ಗಂಧಕದ ವಾಸನೆ ಮೂಗಿಗೆ ಹೊಡೆದರೆ, ಸೋರಿಕೆ ಇದೆ ಎಂದೇ ತಿಳಿಯಿರಿ. ಎಪಾಕ್ಸಿಯಿಂದಲೋ ಪುಟ್ಟಿಯಿಂದಲೋ ಮುಚ್ಚಿ ಮತ್ತೆ ಪರೀಕ್ಷಿಸಿ. ಪರೀಕ್ಷೆ ಯಶಸ್ವಿಯಾದ ಸಂಭ್ರಮದಲ್ಲಿ ಎಲ್ಲರೂ ಪ್ಯಾರಾಚೂಟಿನ ಕಡೆ ಓಡುತ್ತಾರೆ. ಈ ಕೋಣೆಯನ್ನು ತೆರೆದು ನೋಡುವವರು ಬಹಳ ಕಡಿಮೆ.

ಪ್ರಶ್ನೆ: ಕರಿಮದ್ದಿನ ಬದಲು ಪೈರೋಡೆಕ್ಸ್ ಎಂಬ ಪರ್ಯಾಯ ಮದ್ದನ್ನು ಬಳಸಬಹುದೇ?

ಉತ್ತರ: ಅದು ಚೆನ್ನಾಗಿ ಉರಿಯಬೇಕಾದರೆ ಕರಿಮದ್ದಿಗಿಂತ ಬಹಳ ಬಿಗಿಯಾಗಿ ಬಂಧಿಸಿಡಬೇಕು. ಸಡಿಲವಾಗಿ ಕಟ್ಟಿದರೆ ಅರೆಬರೆ ಉರಿದು, ಒತ್ತಡ ಏಳದೆಯೇ ಮುಗಿಯುತ್ತದೆ. ಈ ಕೆಲಸಕ್ಕೆ ರೂಢಿಯಲ್ಲಿರುವುದು 4ಎಫ್ ಎಂದು ಕರೆಯುವ ಅತಿ ಸಣ್ಣ ಕಾಳಿನ ಕರಿಮದ್ದು. ಯಾವ ಮದ್ದಿನಿಂದ ಪರೀಕ್ಷಿಸಿದಿರೋ ಹಾರಾಟಕ್ಕೂ ಅದೇ ಇರಲಿ.

ಪ್ರಶ್ನೆ: ಪರೀಕ್ಷೆ ಯಶಸ್ವಿಯಾಯಿತು ಎಂದು ಹೇಳುವುದು ಯಾವಾಗ? ಯಶಸ್ವಿಯಾದ ಮೇಲೆ ಹಾರಾಟಕ್ಕಾಗಿ ಮದ್ದನ್ನು ಎಷ್ಟು ಹೆಚ್ಚಿಸಬೇಕು? ಹೆಚ್ಚಿದಷ್ಟೂ ಒಳ್ಳೆಯದೆಂದು ನಮ್ಮ ಹಿರಿಯ ಸದಸ್ಯರೊಬ್ಬರು ಹೇಳುತ್ತಾರೆ.

ಉತ್ತರ: ಕೊಳವೆ ಬಿಚ್ಚಿಕೊಂಡ ಮಾತ್ರಕ್ಕೆ ಯಶಸ್ಸಲ್ಲ. ಪ್ಯಾರಾಚೂಟ್ ಪೂರ್ತಿಯಾಗಿ ಹೊರಬಂದು ನೆಲದ ಮೇಲೆ ಬಿದ್ದಿರಬೇಕು, ಶಾಕ್ ಕಾರ್ಡ್ ಬಹುಪಾಲು ಚಾಚಿರಬೇಕು, ಆದರೆ ಕೊನೆಯಲ್ಲಿ ಭಾಗಗಳು ಪುಟಿದು ಹಿಂದಕ್ಕೆ ಬರುವಷ್ಟು ರಭಸ ಇರಬಾರದು. ಮೊಬೈಲಿನ ನಿಧಾನಗತಿಯ ವಿಡಿಯೋದಲ್ಲಿ ಪಕ್ಕದಿಂದ ಚಿತ್ರಿಸಿಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬರಿಗಣ್ಣಿಗೆ ಎಲ್ಲ ಪರೀಕ್ಷೆಗಳೂ ಹೊಗೆಯ ಒಂದು ಉಂಡೆಯಂತೆಯೇ ಕಾಣುತ್ತವೆ.

ಕೊಳವೆ ಸೋಮಾರಿಯಾಗಿ ಬಿಚ್ಚಿಕೊಂಡರೆ ಮದ್ದನ್ನು ಸುಮಾರು ಹತ್ತರಿಂದ ಇಪ್ಪತ್ತು ಶೇಕಡಾ ಏರಿಸಿ, ಹೊಸ ಪಿನ್ನು ಹಾಕಿ ಮತ್ತೆ ಮಾಡಿ. ತೃಪ್ತಿಕರವಾದ ಪ್ರಮಾಣ ಸಿಕ್ಕಿತೆಂದರೆ ಮೊದಲ ಚಾರ್ಜಿಗೆ ಅದನ್ನೇ ಇಟ್ಟುಕೊಂಡು, ಬೇರೆಯೇ ಆಲ್ಟಿಮೀಟರಿನಿಂದ ಒಂದೆರಡು ಸೆಕೆಂಡ್ ತಡವಾಗಿ ಸಿಡಿಯುವ ಮೀಸಲು ಚಾರ್ಜನ್ನು ಕಾಲುಭಾಗದಷ್ಟು ಹೆಚ್ಚು ಮಾಡುವ ಪದ್ಧತಿ ನನಗೆ ಒಪ್ಪಿಗೆ. ಮೊದಲನೆಯದು ಸೋತಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಅಷ್ಟೇ ಬಲದ ಇನ್ನೊಂದು ಚಾರ್ಜ್ ಅದೇ ಕಾರಣಕ್ಕೆ ಸೋಲಬಾರದಲ್ಲ. ಮೀಸಲು ಚಾರ್ಜಿನ ಪ್ರಮಾಣವನ್ನೂ ಒಮ್ಮೆ ನೆಲದ ಮೇಲೆ ಪರೀಕ್ಷಿಸಿ, ಅದರಿಂದ ಏನೂ ಕಿತ್ತುಹೋಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು.

ನಿಮ್ಮ ಹಿರಿಯರ ಮಾತಿನ ಹಿಂದಿರುವ ಭಯ ನ್ಯಾಯವಾದದ್ದೇ, ಏಕೆಂದರೆ ಬಿಚ್ಚಿಕೊಳ್ಳದ ರಾಕೆಟ್ಟಿನಷ್ಟು ಅಪಾಯಕಾರಿಯಾದದ್ದು ಈ ಹವ್ಯಾಸದಲ್ಲಿ ಬೇರೊಂದಿಲ್ಲ. ಹಾಗಿದ್ದರೂ ಅತಿಯಾದ ಮದ್ದು ಪ್ಯಾರಾಚೂಟನ್ನು ಸುಡುತ್ತದೆ, ಶಾಕ್ ಕಾರ್ಡಿನ ಹೊಲಿಗೆಯನ್ನು ಕೀಳುತ್ತದೆ, ಬಿಗಿಯಾದ ಕಾರ್ಡ್ ಕೊಳವೆಯ ಅಂಚಿನಿಂದ ಉದ್ದಕ್ಕೆ ಸೀಳಿಕೊಂಡು ಹೋಗುವಂತೆ ಮಾಡುತ್ತದೆ. ಇಷ್ಟೆಲ್ಲ ಆಗಿ ಪ್ಯಾರಾಚೂಟ್ ಒಂದು ಕಡೆ, ರಾಕೆಟ್ ಇನ್ನೊಂದು ಕಡೆ ಬಿದ್ದರೆ, ಬಿಚ್ಚಿಕೊಂಡೂ ಉಪಯೋಗವಾಗಲಿಲ್ಲ. ಕಾರ್ಡಿನ ಉದ್ದ ರಾಕೆಟ್ಟಿನ ಉದ್ದದ ಮೂರರಿಂದ ಐದು ಪಟ್ಟು ಇದ್ದರೆ ಭಾಗಗಳ ವೇಗ ಕಡಿಮೆಯಾಗಲು ಸಾಕಷ್ಟು ಅವಕಾಶ ಸಿಗುತ್ತದೆ.

ಪ್ರಶ್ನೆ: ಆಲ್ಟಿಮೀಟರಿನಿಂದಲೇ ಚಾರ್ಜನ್ನು ಸಿಡಿಸಿ ಪರೀಕ್ಷಿಸಿದರೆ ಎರಡೂ ಕೆಲಸ ಒಂದೇ ಬಾರಿಗೆ ಮುಗಿಯುವುದಿಲ್ಲವೇ?

ಉತ್ತರ: ಕೆಲವು ಆಲ್ಟಿಮೀಟರುಗಳಲ್ಲಿ ದೂರದಿಂದ ಆಜ್ಞೆ ಕೊಟ್ಟು ಸಿಡಿಸುವ ಸೌಲಭ್ಯವಿದೆ, ಅದನ್ನು ಅದರ ಕೈಪಿಡಿಯಂತೆಯೇ ಬಳಸುವುದಾದರೆ ಅಡ್ಡಿಯಿಲ್ಲ. ಇಲ್ಲದಿದ್ದರೆ ಈ ಎರಡನ್ನೂ ಬೇರೆಬೇರೆಯಾಗಿಯೇ ಮಾಡಿ. ಆಲ್ಟಿಮೀಟರನ್ನು ಗಾಜಿನ ಭರಣಿಯಲ್ಲಿಟ್ಟು, ಇ-ಮ್ಯಾಚಿನ ಜಾಗದಲ್ಲಿ ಪುಟ್ಟ ಬಲ್ಬುಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ನಿಧಾನವಾಗಿ ಹೀರಿದರೆ, ತಾನು ಮೇಲೇರುತ್ತಿದ್ದೇನೆಂದು ಅದು ಭಾವಿಸುತ್ತದೆ. ಹೀರುವುದನ್ನು ನಿಲ್ಲಿಸಿ ಗಾಳಿಯನ್ನು ಮೆಲ್ಲನೆ ಒಳಬಿಟ್ಟಾಗ ಮೊದಲ ಬಲ್ಬು ಮಿನುಗಬೇಕು, ಆಮೇಲೆ ನೀವು ನಿಗದಿಪಡಿಸಿದ ಎತ್ತರದಲ್ಲಿ ಎರಡನೆಯದು. ಮದ್ದಿನ ಹತ್ತಿರ ಕುಳಿತು, ವಿದ್ಯುತ್ ಹರಿಯುತ್ತಿರುವ ಆಲ್ಟಿಮೀಟರಿನೊಂದಿಗೆ ಪ್ರಯೋಗ ಮಾಡುವ ಅಗತ್ಯ ಯಾರಿಗೂ ಇಲ್ಲ.

ಪ್ರಶ್ನೆ: ನಮ್ಮ ಮುಂದಿನ ಗುರಿ 7,000 ಮೀಟರ್. ನೆಲಪರೀಕ್ಷೆಯ ಫಲಿತಾಂಶ ಅಲ್ಲಿಗೂ ಅನ್ವಯಿಸುತ್ತದೆಯೇ?

ಉತ್ತರ: ಅನ್ವಯಿಸುತ್ತದೆಂದು ನಂಬಬೇಡಿ. 6,000 ಮೀಟರ್ ಎತ್ತರದಲ್ಲೇ ವಾಯುವಿನ ಒತ್ತಡ ನೆಲದ ಮಟ್ಟದ ಅರ್ಧಕ್ಕಿಂತ ಕಡಿಮೆ. ಅಂತಹ ತೆಳುಗಾಳಿಯಲ್ಲಿ ಕರಿಮದ್ದಿನ ಒಂದು ಕಾಳಿನಿಂದ ಇನ್ನೊಂದಕ್ಕೆ ಬೆಂಕಿ ದಾಟುವುದು ನಿಧಾನವಾಗಿ, ಉರಿಯದ ಕಾಳುಗಳು ಚದುರಿಹೋಗುತ್ತವೆ. ಮದ್ದನ್ನು ರಬ್ಬರ್ ನಳಿಕೆಯಂತಹ ಗಟ್ಟಿ ಬಂಧನದಲ್ಲಿ ಎರಡೂ ಕಡೆ ಬಿಗಿದು, ಪೂರ್ತಿ ಉರಿಯುವವರೆಗೂ ಬಿಚ್ಚದಂತೆ ಮಾಡುವುದು ಒಂದು ದಾರಿ. ಒತ್ತಿ ತುಂಬಿದ ಇಂಗಾಲದ ಡೈಆಕ್ಸೈಡ್ ಡಬ್ಬಿಯನ್ನು ಚುಚ್ಚಿ ಒತ್ತಡ ಪಡೆಯುವ ಸಾಧನ ಇನ್ನೊಂದು. ಆ ಎತ್ತರಕ್ಕೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಅದಕ್ಕೂ ನೆಲಪರೀಕ್ಷೆ ಬೇಕೇ ಬೇಕು.

ಪ್ರಶ್ನೆ: ಒಮ್ಮೆ ಪರೀಕ್ಷಿಸಿದ ರಾಕೆಟ್ಟನ್ನು ಪ್ರತಿ ಹಾರಾಟಕ್ಕೂ ಮೊದಲು ಪರೀಕ್ಷಿಸಬೇಕೇ?

ಉತ್ತರ: ಏನೂ ಬದಲಾಗದಿದ್ದರೆ ಬೇಕಿಲ್ಲ. ಆದರೆ ಬದಲಾವಣೆಗಳು ನಮಗೆ ಗೊತ್ತಾಗದಂತೆ ಒಳಸೇರುತ್ತವೆ. ಹೊಸ ಪ್ಯಾರಾಚೂಟ್, ಬೇರೆ ಬಗೆಯ ಪಿನ್ನು, ಹೊಸ ಡಬ್ಬದ ಮದ್ದು, ಮತ್ತೊಂದು ಪದರ ಬಣ್ಣ, ಇವುಗಳಲ್ಲಿ ಯಾವುದೇ ಆದರೂ ಪರೀಕ್ಷೆ ಹೊಸದಾಗಿ ಆಗಬೇಕು. ಕಾಗದದ ಕೊಳವೆಯಾದರೆ ಮಳೆಗಾಲದ ತೇವಕ್ಕೆ ಉಬ್ಬಿ, ಬೇಸಿಗೆಯಲ್ಲಿ ಸಲೀಸಾಗಿ ಜಾರುತ್ತಿದ್ದ ಕಪ್ಲರ್ ಈಗ ಎರಡು ಕೈಯಿಂದ ಎಳೆದರೂ ಬರದಿರಬಹುದು. ಕರಿಮದ್ದಿನ ಮಸಿಯೂ ಗಾಳಿಯ ತೇವವನ್ನು ಹೀರಿ ಅಂಟಾಗುತ್ತದೆ. ಪ್ರತಿ ಬಾರಿ ಸಿಡಿಸಿದ ಮೇಲೂ ಕೊಳವೆಯ ಒಳಮೈ, ಕಪ್ಲರ್ ಮತ್ತು ಬಟ್ಟಲನ್ನು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಲೋಹದ ಕೊಕ್ಕೆಗಳನ್ನು ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮದ್ದಿನ ತೂಕ, ಪಿನ್ನುಗಳ ಸಂಖ್ಯೆ ಮತ್ತು ಬಗೆ, ಪ್ಯಾರಾಚೂಟ್ ಮಡಿಸಿದ ರೀತಿ, ನೋಸ್ ಕೋನ್ ಹೋಗಿ ಬಿದ್ದ ದೂರ ಇವುಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ಹಾರಾಟದ ಬೆಳಿಗ್ಗೆ ರಾಕೆಟ್ಟನ್ನು ಜೋಡಿಸುವಾಗ ಆ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟು, ಸಾಲು ಸಾಲಾಗಿ ಹೋಲಿಸಿ ನೋಡಿ.